ಉಪ್ಪಿಲ್ಲದ ಐದು ವಾರ

ಆ ದಿನ ಬೆಳಿಗ್ಗೆ ಏಳೂವರೆಗೆ ಇವರು ಜಗಲಿಯಲ್ಲಿ ಕೂತು, "ಬಸ್ ಬಂತನೇ?" ಎಂದು ಕೇಳಿದರು.

ಯಾವ ಬಸ್ಸು? ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಇವರದು ಕಾಳಿ ನದಿಯ ಪವರ್‌ಹೌಸುಗಳಲ್ಲಿ ಶಿಫ್ಟ್ ಡ್ಯೂಟಿ, ಗಂಟೆಗೊಮ್ಮೆ ಮೀಟರುಗಳ ರೀಡಿಂಗ್ ಬರೆಯುವ ಕೆಲಸ. ಕೊನೆಯ ಎಂಟು ವರ್ಷ ಕದ್ರಾದಲ್ಲಿ. ಶಿಫ್ಟಿನವರನ್ನು ಕರೆದೊಯ್ಯಲು ಕಾಲನಿಗೆ ಬಸ್ಸು ಬರುತ್ತಿತ್ತು. ಆದರೆ ಈಗ ನಾವಿದ್ದದ್ದು ಅಂಕೋಲೆಯ ನಮ್ಮ ಮನೆಯಲ್ಲಿ. ಎದುರಿಗೆ ನೆರೆಮನೆಯ ಕೋಳಿ ಬಿಟ್ಟರೆ ಬೇರೇನೂ ಓಡಾಡುತ್ತಿರಲಿಲ್ಲ.

ನಾನು ನಕ್ಕೆ. ನನಗೆ ಚೇಷ್ಟೆ ಜಾಸ್ತಿ.

"ಬಂತು, ಹಾರ್ನ್ ಹೊಡೀತೇ ಅದೆ. ಡಬ್ಬಿ ಕಟ್ಟಿ ಕೊಡ್ಲಾ?" ಎಂದೆ.

ಇವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಚಪ್ಪಲಿ ಕಾಲಿನ ಹತ್ತಿರವೇ ಇತ್ತು. ಅದನ್ನು ನೋಡುತ್ತಲೇ ಅದನ್ನೇ ಹುಡುಕುತ್ತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು. ತೋಳು ಹಿಡಿದು ಕೂರಿಸಿ, "ನನ್ನ ಕಡೆ ನೋಡಿ, ಇವತ್ತು ಯಾವ ವಾರ?" ಎಂದೆ. ಬಹಳ ಹೊತ್ತು ಯೋಚಿಸಿ "ಬಿ ಶಿಫ್ಟ್" ಎಂದರು. ಮಾತು ನಾಲಗೆಗೆ ಅಂಟಿಕೊಂಡ ಹಾಗಿತ್ತು.

ನನ್ನ ಹೆಸರು ನಾಗವೇಣಿ. ಅಂಕೋಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮಗೆ ಮಕ್ಕಳಿಲ್ಲ. ಇವರಿಗೆ ಅಲ್ಲಿ ಕಾಲನಿ, ನನಗೆ ಇಲ್ಲಿ ಶಾಲೆ. ವಾರಕ್ಕೊಮ್ಮೆ ರಜೆ ಸಿಕ್ಕಾಗ ಬರುತ್ತಿದ್ದರು, ಮರುದಿನ ಹೋಗುತ್ತಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಒಟ್ಟಿಗೆ ಸಂಸಾರ ಶುರುವಾದದ್ದು ಇವರು ರಿಟೈರ್ ಆದ ಮೇಲೆಯೇ. ಎಲ್ಲರೂ ಇಪ್ಪತ್ತೈದನೆಯ ವಯಸ್ಸಿನಲ್ಲಿ ಕಲಿಯುವುದನ್ನು ನಾವು ಐವತ್ತು ದಾಟಿದ ಮೇಲೆ ಕಲಿಯುತ್ತಿದ್ದೆವು. ಟವೆಲ್ ಎಲ್ಲಿ ಹಾಕಬೇಕು, ರೇಡಿಯೋ ಎಷ್ಟು ಜೋರಾಗಿರಬೇಕು ಎಂಬುದಕ್ಕೆಲ್ಲ ಜಗಳ.

ಆ ಬೇಸಿಗೆ ಶುರುವಾಗುವ ಮೊದಲೇ ಇವರಿಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ಅಂಕೋಲೆಯ ಡಾಕ್ಟರು ಮಾತ್ರೆ ಬರೆದರು. ಅದು ಮೂತ್ರದ ಮೂಲಕ ಮೈಯ ನೀರನ್ನೂ ಉಪ್ಪನ್ನೂ ಹೊರಗೆ ಹಾಕುವ ಮಾತ್ರೆ ಎಂದು ಬಿಡಿಸಿ ಹೇಳಿದರು. ಊಟದಲ್ಲಿ ಉಪ್ಪು ಕಡಿಮೆ ಮಾಡಿ, ಹದಿನೈದು ದಿನ ಬಿಟ್ಟು ಬನ್ನಿ, ಒಂದು ರಕ್ತ ಪರೀಕ್ಷೆ ಮಾಡಿಸೋಣ ಎಂದರು. ಹೇಳಬೇಕಾದದ್ದನ್ನೆಲ್ಲ ಅವರು ಹೇಳಿದ್ದರು. ನಾವು ಮತ್ತೆ ಹೋಗಲಿಲ್ಲ. ನನಗೆ ಪರೀಕ್ಷೆ ಪೇಪರ್ ತಿದ್ದುವ ಕೆಲಸವಿತ್ತು. ಇವರು ಆರಾಮವಾಗಿಯೇ ಕಾಣುತ್ತಿದ್ದರು.

ಉಪ್ಪು ಕಡಿಮೆ ಮಾಡಿ ಎಂದದ್ದನ್ನು ನಾನು ನನ್ನದೇ ಬುದ್ಧಿಯಲ್ಲಿ ಅರ್ಥ ಮಾಡಿಕೊಂಡೆ. ಡಾಕ್ಟರು ಹುಬ್ಬಳ್ಳಿ ಕಡೆಯವರು. ನಮ್ಮ ಕರಾವಳಿಯ ಊಟ ಅವರಿಗೇನು ಗೊತ್ತು? ಇಲ್ಲಿ ಗಂಜಿಗೆ ಉಪ್ಪು. ಗಂಜಿಯ ಜೊತೆಗೆ ಉಪ್ಪು ಹಾಕಿ ಒಣಗಿಸಿದ ಮೀನು. ಅದು ಸಾಲದು ಎಂದು ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ. ಮಳೆಗಾಲಕ್ಕೆಂದು ಭರಣಿ ತುಂಬ ಉಪ್ಪುಸೊಳೆ, ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ. ಇಂಥ ಊಟದಲ್ಲಿ ಅರ್ಧ ತೆಗೆದರೂ ಉಳಿಯುವುದು ಬೇರೆ ಊರಿನವರ ಎರಡು ಪಾಲು. ಹಾಗಾಗಿ ಪೂರ್ತಿ ತೆಗೆದುಬಿಟ್ಟೆ.

ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವಳಲ್ಲ ನಾನು. ಶಾಲೆಯಲ್ಲಿ ನನಗೆ ಆ ಹೆಸರಿದೆ.

ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ದೋಸೆ. ಒಣಮೀನಿನ ಡಬ್ಬಿ ಪಕ್ಕದ ಮನೆಗೆ ಹೋಯಿತು. ಹಸಿಮೀನು ವಾರಕ್ಕೊಮ್ಮೆ, ಅದೂ ಬರೀ ಹುಳಿ, ಅರಿಶಿನ ಹಾಕಿ ಬೇಯಿಸಿದ್ದು. ಬಿಸಿಲು ಹೆಚ್ಚುತ್ತಿತ್ತು. ಮಾತ್ರೆಯಿಂದ ಉಷ್ಣವಾಗುತ್ತದೆ ಎಂದು ನನ್ನ ನಂಬಿಕೆ. ಅದಕ್ಕೆ ದಿನಕ್ಕೆ ಹತ್ತು ಗ್ಲಾಸ್ ನೀರು ಕುಡಿಯಲೇಬೇಕೆಂದು ನಿಯಮ ಮಾಡಿದೆ. ನೆನಪಿಗಿರಲಿ ಎಂದು ಒಂದು ನೋಟ್‌ಬುಕ್ ಹಾಕಿದೆ. ಗೆರೆ ಎಳೆದು ಕಾಲಂ ಮಾಡಿದೆ. ತಾರೀಖು, ಮಾತ್ರೆ, ಊಟ, ನೀರು. ಒಂದು ಗ್ಲಾಸ್ ಕುಡಿದರೆ ಒಂದು ರೈಟ್ ಮಾರ್ಕು. ಹತ್ತೂ ಆದ ದಿನ ಕೆಂಪು ಇಂಕಿನಲ್ಲಿ "ಗುಡ್" ಎಂದು ಬರೆಯುತ್ತಿದ್ದೆ. ಇವರು ನೋಡಿ, "ಇನ್ನು ಕ್ಲಾಸಿನ ಹೊರಗೆ ನಿಲ್ಸೂದೊಂದು ಬಾಕಿ" ಎಂದು ನಗುತ್ತಿದ್ದರು.

ಮೂರನೆಯ ವಾರಕ್ಕೆ ತಲೆ ಭಾರ ಎಂದರು. ಉಷ್ಣ ಎಂದೆ. ಹನ್ನೆರಡು ಗ್ಲಾಸ್ ಮಾಡಿದೆ.

ನಾಲ್ಕನೆಯ ವಾರಕ್ಕೆ ಊಟ ಸೇರುವುದಿಲ್ಲ, ವಾಕರಿಕೆ ಎಂದರು. ಮಧ್ಯಾಹ್ನವೆಲ್ಲ ನಿದ್ದೆ. ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ನಾನು ಮುರುಗಲಿನ ನೀರು ಮಾಡಿ ಕೊಟ್ಟೆ, ಎಳನೀರು ಕೊಟ್ಟೆ, ಬಾರ್ಲಿ ಕುದಿಸಿದ ನೀರು ಕೊಟ್ಟೆ. ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ರೈಟ್ ಮಾರ್ಕು ಬಿದ್ದವು.

ಬಸ್ಸು ಬಂತೇ ಎಂದು ಕೇಳಿದ್ದು ಐದನೆಯ ವಾರದ ಕೊನೆಯಲ್ಲಿ.

ನೆರೆಮನೆಯ ಗಣಪತಿಯವರ ಹತ್ತಿರ ಓಮ್ನಿ ಇತ್ತು. ಹಿಂದಿನ ಸೀಟಿನಲ್ಲಿ ಇವರನ್ನು ನನ್ನ ಭುಜಕ್ಕೆ ಒರಗಿಸಿಕೊಂಡು ಕಾರವಾರಕ್ಕೆ ಹೊರಟೆವು. ಲಕ್ವ ಹೊಡೆದಿದೆ ಎಂದೇ ನನ್ನ ಲೆಕ್ಕ. ಹೊರಡುವ ಗಡಿಬಿಡಿಯಲ್ಲೂ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಡಾಕ್ಟರು ಕೇಳಿದರೆ ಎಲ್ಲ ದಾಖಲೆ ಇರಲಿ ಎಂದು.

ಅಮದಳ್ಳಿ ಇವರು ಹುಟ್ಟಿದ ಊರು. ಆ ದಾರಿಯಲ್ಲಿ ಎಷ್ಟು ಸಲ ಹೋದರೂ ಇವರು ಅಲ್ಲಿ ಕಿಟಕಿಯಿಂದ ಬಗ್ಗಿ ಊರ ದೇವರ ದಿಕ್ಕಿಗೆ ಕೈಮುಗಿಯುತ್ತಾರೆ. ಬಸ್ಸಿನಲ್ಲಿ ನಿದ್ದೆ ಹತ್ತಿದ್ದರೂ ಅಲ್ಲಿಗೆ ಸರಿಯಾಗಿ ಎಚ್ಚರವಾಗುತ್ತದೆ. ಆ ದಿನ ನಾನೇ, "ನೋಡಿ, ಅಮದಳ್ಳಿ ಬಂತು" ಎಂದು ಗಲ್ಲ ಹಿಡಿದು ತಿರುಗಿಸಿದೆ. ಕಣ್ಣು ತೆರೆದಿತ್ತು. ಕೈ ಏಳಲಿಲ್ಲ.

ಬಿಣಗಾ ದಾಟುವಾಗ ಫಿಟ್ಸ್ ಬಂತು.

ಅದನ್ನು ಬರೆಯುವುದು ಕಷ್ಟ. ಮೈ ಸೆಟೆಯಿತು. ಹಲ್ಲು ಕಚ್ಚಿಕೊಂಡಿತು. ಕೈಕಾಲು ಸೀಟಿಗೆ ಬಡಿಯುತ್ತಿದ್ದವು. ಗಣಪತಿಯವರು ಗಾಡಿ ನಿಲ್ಲಿಸಬೇಕೋ ಓಡಿಸಬೇಕೋ ತಿಳಿಯದೆ, "ಟೀಚರ್ರೇ, ಹೇಳಿ, ಯಂತ ಮಾಡ್ಲಿ ಹೇಳಿ" ಎಂದು ಕೂಗುತ್ತಿದ್ದರು. "ಓಡ್ಸಿ" ಎಂದೆ. ಇವರ ತಲೆ ಸೀಟಿಗೆ ಬಡಿಯದ ಹಾಗೆ ಹಿಡಿದುಕೊಂಡೆ.

ಆಸ್ಪತ್ರೆಯಲ್ಲಿ ಇವರನ್ನು ಒಳಗೆ ತೆಗೆದುಕೊಂಡ ಮೇಲೆ ಒಂದೂವರೆ ಗಂಟೆ ಹೊರಗೆ ಬೆಂಚಿನಲ್ಲಿ ಕೂತಿದ್ದೆ. ರಕ್ತ ತೆಗೆದರು. ಸಿ.ಟಿ. ಸ್ಕ್ಯಾನ್ ಆಯಿತು. ಆಮೇಲೆ ಡಾಕ್ಟರು ನನ್ನನ್ನು ಕರೆದರು. ಚಿಕ್ಕ ವಯಸ್ಸು. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸೇ ಇರಬೇಕು. ಫಿಲ್ಮನ್ನು ಬೆಳಕಿಗೆ ಹಿಡಿದರು.

"ಲಕ್ವ ಅಲ್ಲ ಮೇಡಂ. ರಕ್ತಸ್ರಾವವೂ ಇಲ್ಲ. ಬ್ರೇನ್ ಎಡಿಮಾ. ಮೆದುಳು ಊದಿಕೊಂಡಿದೆ. ಇಲ್ಲಿ ಮಡಿಕೆಗಳು ಕಾಣಬೇಕು. ಊದಿಕೊಂಡು ಒಂದಕ್ಕೊಂದು ಒತ್ತಿ ಕಾಣೋದೇ ಇಲ್ಲ. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ನೂರಾ ಎಂಟು ಇದೆ. ನೂರಾ ಮೂವತ್ತೈದರ ಮೇಲೆ ಇರಬೇಕು. ಊಟ, ಔಷಧಿ ಏನು ನಡೀತಿತ್ತು ಮನೇಲಿ?"

ಆಗ ನಾನು ನೋಟ್‌ಬುಕ್ ತೆಗೆದುಕೊಟ್ಟೆ.

ಹೇಗೆ ಕೊಟ್ಟೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರಿಗೆ ಹಾಜರಿ ಪುಸ್ತಕ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಒಂದು ದಿನವೂ ತಪ್ಪಿಸಿಲ್ಲ ಡಾಕ್ಟರೇ ಎಂದೆ. ಉಪ್ಪು ಪೂರ್ತಿ ಬಿಡಿಸಿದ್ದೇನೆ ಎಂದೆ. ಅವರು ಒಂದೊಂದೇ ಹಾಳೆ ತಿರುವಿದರು. ಕೆಂಪು ಇಂಕಿನ "ಗುಡ್"ಗಳನ್ನೆಲ್ಲ ನೋಡಿದರು. ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು.

"ಐದು ವಾರ ಉಪ್ಪೇ ಇಲ್ಲವಾ?"

"ಒಂದು ಹರಳೂ ಇಲ್ಲ."

"ನೀರು ಹದಿನಾಲ್ಕು ಗ್ಲಾಸ್?"

ಅವರ ಮುಖ ನೋಡಿದೆ. ನನಗೆ ಅರ್ಥವಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುರ್ಚಿ ಎಳೆದು ಕೂರಿಸಿ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ವಿವರಿಸಿದರು. ಮೆದುಳಿನ ರಕ್ತನಾಳಗಳ ಗೋಡೆ ಬೇರೆ ಕಡೆಯ ಹಾಗಲ್ಲವಂತೆ, ಬಹಳ ಬಿಗಿಯಂತೆ. ಅದಕ್ಕೆ ಬ್ಲಡ್ ಬ್ರೇನ್ ಬ್ಯಾರಿಯರ್ ಎನ್ನುತ್ತಾರೆ. ರಕ್ತದಲ್ಲಿ ಏನೇನೋ ಹರಿಯುತ್ತಿರುತ್ತದೆ, ಎಲ್ಲವೂ ಮೆದುಳಿನೊಳಗೆ ನುಗ್ಗಬಾರದು ಎಂದು ಅಲ್ಲೊಂದು ತಡೆ. ಉಪ್ಪಿಗೆ ಆ ಗೋಡೆ ದಾಟುವುದು ಸುಲಭವಲ್ಲ. ನೀರು ಮಾತ್ರ ಸಲೀಸಾಗಿ ದಾಟುತ್ತದೆ. ರಕ್ತದಲ್ಲಿ ಉಪ್ಪು ಇಳಿದು ನೀರು ಹೆಚ್ಚಾದರೆ, ಉಪ್ಪು ಎಲ್ಲಿ ಜಾಸ್ತಿ ಇದೆಯೋ ಆ ಕಡೆಗೆ ನೀರು ಹೋಗುತ್ತದೆ. ಅಂದರೆ ಮೆದುಳಿನೊಳಕ್ಕೆ.

ಅವರು ಮುಗಿಸುವ ಮೊದಲೇ ನನಗೆ ಉಪ್ಪುಸೊಳೆ ಕಣ್ಣಿಗೆ ಬಂತು. ಭರಣಿಯಿಂದ ತೆಗೆಯುವಾಗ ಸುಕ್ಕಾಗಿ ಬಿಗಿಯಾಗಿರುವ ಹಲಸಿನ ಸೊಳೆ, ಸಿಹಿನೀರಲ್ಲಿ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಊದಿ ದಪ್ಪಗಾಗುತ್ತದೆ. ಪ್ರತಿ ಮಳೆಗಾಲ ಮಾಡುವ ಕೆಲಸ. ಪಾತ್ರೆಯಲ್ಲಾದರೆ ಊದಲು ಜಾಗವಿದೆ, ತಲೆಬುರುಡೆಯೊಳಗೆ ಇಲ್ಲ.

"ನಾನೂ ಅದನ್ನೇ ಉಂಡಿದ್ದೇನೆ. ನನಗೆ ಯಾಕೆ ಏನೂ ಆಗಿಲ್ಲ?" ಎಂದು ಕೇಳಿದೆ. ತಪ್ಪು ನನ್ನದಲ್ಲ ಎನ್ನಲು ಎಲ್ಲಾದರೂ ಸಂದು ಸಿಗುತ್ತದೆಯೇ ಎಂದು ನೋಡುತ್ತಿದ್ದೆ.

"ನೀವು ಆ ಮಾತ್ರೆ ತಗೊಂಡಿಲ್ಲ ಮೇಡಂ. ಮೇಲಿಂದ ಉಪ್ಪು ಬರ್ತಾ ಇಲ್ಲ, ಕೆಳಗಿಂದ ಹೋಗ್ತಾ ಇದೆ, ಮೇಲೆ ಅಷ್ಟು ನೀರು. ಬಾಯಾರಿಕೆ ಆದಷ್ಟೇ ನೀವು ಕುಡಿದಿರಿ. ಅವರು ನೀವು ಹೇಳಿದಷ್ಟು ಕುಡಿದರು."

ಸಂದು ಸಿಗಲಿಲ್ಲ.

ಚಿಕಿತ್ಸೆಯೂ ಉಪ್ಪೇ. ತ್ರೀ ಪರ್ಸೆಂಟ್ ಸಲೈನ್ ಎಂಬ ಗಟ್ಟಿ ಉಪ್ಪುನೀರನ್ನು ರಕ್ತನಾಳಕ್ಕೆ ಹಾಕುತ್ತಾರೆ. ಉಪ್ಪು ಗೋಡೆ ದಾಟದೆ ಈಚೆಗೇ ನಿಂತು ಮೆದುಳಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಹಾಗಾದರೆ ಎರಡು ಬಾಟಲಿ ಹಾಕಿ ಇವತ್ತೇ ಸರಿ ಮಾಡಿ ಎಂದೆ. ಡಾಕ್ಟರು ತಲೆಯಾಡಿಸಿದರು. ವಾರಗಟ್ಟಲೆ ಇಳಿದ ಉಪ್ಪಿಗೆ ಮೆದುಳು ಹೇಗೋ ಹೊಂದಿಕೊಂಡಿರುತ್ತದೆ. ಒಮ್ಮೆಲೇ ಏರಿಸಿದರೆ ನರಗಳ ಮೇಲಿನ ಪೊರೆ ಕೆಡಬಹುದು. ಮಾತು ಹೋಗಬಹುದು, ಕೈಕಾಲು ಬೀಳಬಹುದು. ಅದು ಆಗಿದೆಯೋ ಇಲ್ಲವೋ ಕೂಡಲೇ ಗೊತ್ತಾಗುವುದಿಲ್ಲ, ಕೆಲವು ದಿನ ಬಿಟ್ಟು ತಿಳಿಯುತ್ತದೆ. ಫಿಟ್ಸ್ ನಿಲ್ಲಿಸಲು ಮೊದಲು ಸ್ವಲ್ಪ ಏರಿಸುತ್ತೇವೆ, ಆಮೇಲೆ ದಿನಕ್ಕೆ ಇಷ್ಟೇ ಎಂದು ಅಳತೆಯಿಟ್ಟು ನಿಧಾನವಾಗಿ ಎಂದರು.

ನಿಧಾನ ಎಂಬುದು ನನಗೆ ಬಾರದ ವಿದ್ಯೆ.

ಐ.ಸಿ.ಯು. ಒಳಗೆ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ, ಸಂಜೆ ಐದಕ್ಕೆ ಹತ್ತು ನಿಮಿಷ ಬಿಡುತ್ತಿದ್ದರು. ಇವರ ಮುಖ ಉಬ್ಬಿತ್ತು. ಡ್ರಿಪ್ ಕಿತ್ತುಕೊಳ್ಳದ ಹಾಗೆ ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಕಿವಿಯ ಹತ್ತಿರ ಬಾಗಿ ಕರೆದರೆ ರೆಪ್ಪೆ ಅಲುಗುತ್ತಿತ್ತು, ಅಷ್ಟೇ. ಮನೆಯಲ್ಲಿ ಇವರ ಗೊರಕೆಗೆ ಎಷ್ಟು ಸಲ ತಿವಿದಿದ್ದೇನೋ, ಇಲ್ಲಿ ಉಸಿರಿನ ಸದ್ದು ಕೇಳಲು ಬಗ್ಗಿ ನಿಲ್ಲುತ್ತಿದ್ದೆ. ಮೊದಲ ದಿನ ನಾನು ಅತ್ತಾಗ ಸಿಸ್ಟರ್ ಬಂದು, "ಅಕ್ಕೋರೇ, ಇಲ್ಲಿ ಅಳ್ಬೇಡಿ. ಅವ್ರಿಗೆ ಕೇಳ್ತದೆ. ಏನಾರೂ ಒಳ್ಳೇದು ಮಾತಾಡಿ" ಎಂದಳು. ಏನು ಮಾತಾಡಲಿ? ನಿಮ್ಮ ಟವೆಲ್ ಎಲ್ಲಿ ಬೇಕಾದರೂ ಹಾಕಿ ಎಂದೆ. ರೇಡಿಯೋ ಎಷ್ಟು ಜೋರಾದರೂ ಇಡಿ ಎಂದೆ.

ಎರಡನೆಯ ದಿನ ನೂರಾ ಹದಿನಾಲ್ಕು. ಫಿಟ್ಸ್ ಮತ್ತೆ ಬರಲಿಲ್ಲ.

ಮೂರನೆಯ ದಿನ ಹಿಲ್ಲೂರಿನಿಂದ ಬೀರಕ್ಕ ಬಂದರು. ಇವರ ಅಕ್ಕ. ತಾಯಿ ಬೇಗ ಹೋದದ್ದರಿಂದ ಇವರನ್ನು ಸಾಕಿದವರೂ ಅವರೇ. ಎರಡು ಬಸ್ಸು ಬದಲಿಸಿ, ಬಟ್ಟೆಚೀಲ ಎದೆಗವಚಿಕೊಂಡು ಬಂದಿದ್ದರು. ಚೀಲದಲ್ಲಿ ಒಂದು ಬಾಟಲಿ. ಉಪ್ಪುನೀರಿನ ಮಾವಿನಕಾಯಿ.

"ತಮ್ಮಂಗೆ ಬಾಯ್ರುಚಿ ಸತ್ತದೆ. ಇದ್ರ ನೀರು ಒಂದ್ ಚೂರು ನೆಕ್ಸಿದ್ರೆ ಎದ್ದು ಕೂತ್ಕಂತ, ನೋಡು ಬೇಕಾರೆ" ಎಂದು ಬಾಗಿಲ ಕಡೆ ಹೊರಟೇಬಿಟ್ಟರು.

"ಬ್ಯಾಡ ಅಕ್ಕಾ. ಅವ್ರಿಗೆ ನುಂಗೂಕೆ ಬರೂದಿಲ್ಲ. ಉಪ್ಪು ಡ್ರಿಪ್ಪಿನಲ್ಲೇ ಹೋಗ್ತೇ ಅದೆ. ಡಾಕ್ಟ್ರು ಅಳತೆ ಮಾಡಿ ಕೊಡ್ತ್ರು."

"ಉಪ್ಪಾ? ಉಪ್ಪು ಕೊಡೂಕೆ ಆಸ್ಪತ್ರೆ ಯಂತಕೆ? ಮನೇಲಿ ಉಪ್ಪಿರ್ಲಿಲ್ವಾ?"

ಅವರು ಕುಟುಕಿ ಕೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಎರಡು ದಿನದಿಂದ ಫೋನಿನಲ್ಲಿ ಎಲ್ಲರಿಗೂ ನಾನು ಹೇಳುತ್ತಿದ್ದುದು ಒಂದೇ ಮಾತು. ಯಾವುದೋ ಮಾತ್ರೆ ಆಗಿಬರಲಿಲ್ಲವಂತೆ ಎಂದು. ಅದನ್ನೇ ಹೇಳಿದ್ದರೆ ನಡೆಯುತ್ತಿತ್ತು. ಬೀರಕ್ಕನ ಕಣ್ಣು ನೋಡುತ್ತ ಅದು ಬಾಯಿಗೆ ಬರಲಿಲ್ಲ.

"ಇರ್ಲಿಲ್ಲ ಅಕ್ಕಾ. ನಾನೇ ತೆಗ್ದಿದ್ದೆ. ಐದು ವಾರ ಒಂದು ಹರಳು ಉಪ್ಪು ಹಾಕ್ದೇ ಉಣ್ಸಿದೆ. ನೀರು ಕುಡ್ಸಿ ಕುಡ್ಸಿ ಹಿಂಗೆ ಮಾಡಿದೆ."

ಬೀರಕ್ಕ ಬೆಂಚಿನ ಮೇಲೆ ಕೂತರು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಚೀಲಕ್ಕೆ ಹಾಕಿದರು. ಆಮೇಲೆ ಕೇಳಿದರು.

"ನೀ ಯಂತಾರೂ ಉಂಡ್ಯಾ?"

ಇಲ್ಲ ಎಂದು ತಲೆಯಾಡಿಸಿದೆ.

"ನಂಗೆ ಸಿಟ್ಟು ಬಂದದೆ ವೇಣಿ. ಬರ್ಲಿಲ್ಲ ಅಂದ್ರೆ ಸುಳ್ಳು. ಅದ್ನ ಆಮೇಲೆ ನೋಡ್ವ. ಏಳು, ಉಂಡ್ಕಂಡ್ ಬರ್ವ ಮೊದ್ಲು."

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ನನ್ನ ಪಕ್ಕ ಕೂತು ಅನ್ನ ಸಾರು ತರಿಸಿದರು. ಐದು ವಾರದ ಮೇಲೆ ನಾಲಗೆಗೆ ಉಪ್ಪು ತಾಗಿತು. ರುಚಿಯಾಗಿತ್ತು. ರುಚಿಯಾಯಿತಲ್ಲ ಎಂದು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬೀರಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು, "ಉಣ್ಣು, ಉಣ್ಣು" ಎನ್ನುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಹೋದಾಗ ಸಿಸ್ಟರ್ ಮುಖ ಬೇರೆಯಿತ್ತು. ರಿಪೋರ್ಟಿನಲ್ಲಿ ನೂರಾ ಇಪ್ಪತ್ತೇಳು. ನಾನು ಕೈ ಮುಗಿದೆ. ಇನ್ನೇನು, ದಡ ಮುಟ್ಟಿತು ಎಂದುಕೊಂಡೆ.

"ಖುಷಿಪಡಬೇಡಿ ಮೇಡಂ. ನಿನ್ನೆ ಸಂಜೆ ನೂರಾ ಹದಿನಾರಿತ್ತು. ಒಂದೇ ರಾತ್ರಿಯಲ್ಲಿ ಬಹಳ ಬೇಗ ಏರಿತು" ಎಂದರು ಡಾಕ್ಟರು.

ಉಪ್ಪು ಸಿಕ್ಕಿದ್ದೇ ಇವರ ದೇಹ ಹಿಡಿದಿಟ್ಟುಕೊಂಡಿದ್ದ ನೀರನ್ನೆಲ್ಲ ಒಮ್ಮೆಗೇ ಹೊರಹಾಕತೊಡಗಿತ್ತಂತೆ. ಮೂತ್ರದ ಚೀಲ ಮತ್ತೆ ಮತ್ತೆ ತುಂಬಿತ್ತು. ಉಪ್ಪಿನ ಡ್ರಿಪ್ ನಿಲ್ಲಿಸಿದ್ದರು. ಈಗ ಅದೇ ರಕ್ತಕ್ಕೆ ನೀರು ಕೊಟ್ಟು ಇಳಿಸಬೇಕಿತ್ತು. ಸಂಜೆಗೆ ನೂರಾ ಇಪ್ಪತ್ತೆರಡಕ್ಕೆ ತಂದರು. ಅಷ್ಟರಲ್ಲಿ ಹಾನಿಯಾಗಿದೆಯೇ ಎಂದು ಕೇಳಿದೆ. ಈಗ ಹೇಳಲಿಕ್ಕಾಗುವುದಿಲ್ಲ, ಒಂದು ವಾರ ಕಾಯೋಣ ಎಂದರು.

ಆ ವಾರವನ್ನು ಹೇಗೆ ಕಳೆದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ದಿನಾ ಹನ್ನೊಂದಕ್ಕೆ ಡಾಕ್ಟರು ಇವರಿಗೆ ಅದೇ ಪ್ರಶ್ನೆ ಕೇಳುತ್ತಿದ್ದರು. ಹೆಸರು ಹೇಳಿ. ನಾಲಗೆ ಚಾಚಿ. ನನ್ನ ಬೆರಳು ಹಿಡಿಯಿರಿ. ನಾನು ಬಾಗಿಲಲ್ಲಿ ನಿಂತು, ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು, ಒಬ್ಬ ಮನುಷ್ಯ ತನ್ನ ಹೆಸರು ಹೇಳಲಿ ಎಂದು ಹಂಬಲಿಸುತ್ತಿದ್ದೆ. ತಪ್ಪು ಹೇಳಿದರೂ ಸಾಕಿತ್ತು. ಇವರು ಬೆರಳು ಹಿಡಿಯುತ್ತಿದ್ದರು. ನಾಲಗೆ ಚಾಚುತ್ತಿದ್ದರು. ಮಾತು ಇರಲಿಲ್ಲ.

ಒಂದು ಸಂಜೆ ಬೀರಕ್ಕ ಕಾರವಾರದ ಸಮುದ್ರದ ದಂಡೆಗೆ ನನ್ನನ್ನು ಎಳೆದುಕೊಂಡು ಹೋದರು. ಇಬ್ಬರೂ ಮರಳಲ್ಲಿ ಕೂತೆವು. ಇವರು ಹೀಗೇ ಉಳಿದರೆ ಏನು ಮಾಡುತ್ತೀ ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಶಾಲೆ ಬಿಡುತ್ತೇನೆ, ಬಾಯಿಗೆ ತುತ್ತಿಡುತ್ತೇನೆ, ಮಾತು ಬಾರದಿದ್ದರೂ ಇರಲಿ, ಇರಲಿ ಅಷ್ಟೇ ಎಂದೆ. ಮಾತು ಬಾರದಿದ್ದರೆ ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಎಂದು ಯಾವತ್ತೂ ಗೊತ್ತಾಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಹತ್ತನೆಯ ದಿನ. ಬೆಳಿಗ್ಗೆ ಹನ್ನೊಂದು. ಸಿಸ್ಟರ್ ರಿಪೋರ್ಟ್ ಹಿಡಿದುಕೊಂಡು ಹಾಸಿಗೆಯ ಹತ್ತಿರ ಬಂದಳು. ಇವರು ಆ ಕಾಗದವನ್ನೇ ನೋಡುತ್ತಿದ್ದರು. ತುಟಿ ಅಲುಗಿತು. ಎರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ಧ್ವನಿ.

"ರೀಡಿಂಗ್... ಎಷ್ಟು?"

ಸಿಸ್ಟರ್ ನನ್ನನ್ನು ನೋಡಿದಳು. ಹೇಳು ಎಂದು ಕೈಸನ್ನೆ ಮಾಡಿದೆ.

"ನೂರಾ ಮೂವತ್ತಮೂರು ಕಾಕಾ" ಎಂದಳು.

"ಸ್ಟೆಡಿ ಅದ್ಯಾ?"

"ಸ್ಟೆಡಿ ಅದೆ ಕಾಕಾ."

ಇವರು ಕಣ್ಣು ಮುಚ್ಚಿದರು. ಅಳಬಾರದು ಎಂದವಳೇ ನನಗಿಂತ ಮೊದಲು ಅತ್ತಳು.

ಮತ್ತೆ ಎಂಟು ದಿನಕ್ಕೆ ಮನೆಗೆ ಬಂದೆವು. ಪೂರ್ತಿ ಮೊದಲಿನ ಹಾಗೆ ಎಂದು ಹೇಳುವುದಿಲ್ಲ. ಬಲಗೈ ಸ್ವಲ್ಪ ನಡುಗುತ್ತದೆ. ಮಾತು ಒಂದೊಂದಾಗಿ ಬರುತ್ತದೆ. ಕೆಲವು ಹೆಸರು ಮರೆಯುತ್ತಾರೆ, ಗಣಪತಿಯವರನ್ನು ಒಂದು ವಾರ "ಓಮ್ನಿ" ಎಂದೇ ಕರೆದರು. ಅವರೂ ಓಗೊಡುತ್ತಿದ್ದರು. ಆ ಮಾತ್ರೆ ಬಿಡಿಸಿ ಬೇರೆ ಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ, ಈಗ ತಪ್ಪಿಸುವುದಿಲ್ಲ. ಊಟಕ್ಕೆ ಉಪ್ಪು, ಸಾಧಾರಣವಾಗಿ. ಬಾಯಾರಿಕೆಯಾದರೆ ನೀರು. ಸಾಧಾರಣ ಎಂದರೆ ಎಷ್ಟು ಎಂದು ಡಾಕ್ಟರನ್ನು ಮೂರು ಸಲ ಕೇಳಿದೆ. ಅವರು ನಗುತ್ತ ಒಂದು ಚಮಚ ತೋರಿಸಿದರು. ಮೊನ್ನೆಯ 'ರೀಡಿಂಗ್' ನೂರಾ ಮೂವತ್ತೆಂಟು. ದೇವರಿಗೆ, ಡಾಕ್ಟರಿಗೆ, ಆ ಸಿಸ್ಟರಿಗೆ ಕೈಮುಗಿಯುತ್ತೇನೆ. ಆದರೆ ಇವರು ಮಧ್ಯಾಹ್ನ ಸ್ವಲ್ಪ ಹೆಚ್ಚು ಮಲಗಿದರೆ ಇವತ್ತಿಗೂ ಹೋಗಿ ಎಬ್ಬಿಸಿ, ಯಾವ ವಾರ ಎಂದು ಕೇಳುತ್ತೇನೆ. ಬೇಕೆಂದೇ ತಪ್ಪು ವಾರ ಹೇಳಿ ನನ್ನನ್ನು ಹೆದರಿಸುತ್ತಾರೆ.

ಬಸ್ಸು ಕೇಳಿದ ದಿನದಿಂದ ರೀಡಿಂಗ್ ಕೇಳಿದ ದಿನದವರೆಗೆ ಇವರಿಗೆ ಏನೂ ನೆನಪಿಲ್ಲ. ಮನೆಗೆ ಬಂದು ಹದಿನೈದು ದಿನವಾದ ಮೇಲೆ ಒಂದು ಸಂಜೆ, ಮಾತು ಜೋಡಿಸಿಕೊಳ್ಳುತ್ತ ಹೇಳಿದರು.

"ನಾ ಇಲ್ದೇ ಇದ್ದ ದಿನದ್ದು ಬರ್ದು ಕೊಡು. ಬಾಯಲ್ಲಿ ಬ್ಯಾಡ. ಬಾಯಲ್ಲಿ ಹೇಳೂಕೆ ಹೋದ್ರೆ ನೀ ಅಳ್ತೆ."

ಪವರ್‌ಹೌಸಿನಲ್ಲಿ ಹಾಗೊಂದು ಪದ್ಧತಿಯಂತೆ. ಡ್ಯೂಟಿಗೆ ಬಂದವನು ಕುರ್ಚಿಯಲ್ಲಿ ಕೂರುವ ಮೊದಲು ಹಿಂದಿನ ಶಿಫ್ಟಿನವನು ಬರೆದ ಲಾಗ್‌ಬುಕ್ ಪೂರ್ತಿ ಓದಬೇಕು. ಏನು ಕೆಟ್ಟಿತು, ಯಾರು ಏನು ಮಾಡಿದರು, ಎಷ್ಟು ಹೊತ್ತಿಗೆ, ಎಲ್ಲ ಇರಬೇಕು. ಓದಿ ಸಹಿ ಮಾಡಿದ ಮೇಲೆಯೇ ಚಾರ್ಜು.

ಹಾಗೆ ಬರೆಯಲು ಕೂತೆ. ಮೊದಲ ಸಲ ಬರೆದದ್ದರಲ್ಲಿ ಉಪ್ಪಿನ ವಿಷಯ ಎರಡು ಸಾಲಿತ್ತು. ಆಹಾರದಲ್ಲಿ ಉಪ್ಪು ಕಡಿಮೆಯಾದ ಕಾರಣ ಎಂದಷ್ಟೇ ಇತ್ತು, ಕಡಿಮೆ ಮಾಡಿದವರು ಯಾರೆಂದು ಇರಲಿಲ್ಲ. ಓದಿ ನೋಡಿ ಹರಿದೆ. ಎರಡನೆಯ ಸಲ ನೋಟ್‌ಬುಕ್ಕಿನ ವಿಷಯ ಬಿಟ್ಟುಹೋಗಿತ್ತು. ಬಿಟ್ಟುಹೋಗಿತ್ತು ಎನ್ನುವುದು ಸುಳ್ಳು, ಬಿಟ್ಟಿದ್ದೆ. ಅದನ್ನೂ ಹರಿದೆ. ಮೂರನೆಯ ಸಲ ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಬರೆದು, ನಿನ್ನೆ ಬೆಳಿಗ್ಗೆ ಇವರ ಕೈಗೆ ಕೊಟ್ಟೆ.

ಜಗಲಿಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಓದಿದರು. ಈಗ ಓದುವುದೂ ನಿಧಾನ. ನಾನು ಬಾಗಿಲ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ಊಟದ ಹೊತ್ತು ಬಂತು, ಹೋಯಿತು. ಕೊನೆಯ ಹಾಳೆ ಮಡಚಿಟ್ಟು ಕರೆದರು.

"ವೇಣೀ, ಒಂದ್ ತಪ್ಪದೆ ಇದ್ರಲ್ಲಿ."

ಮೊರ ಬದಿಗಿಟ್ಟು ಎದ್ದೆ. ಹೋಗಿ ಎದುರು ನಿಂತೆ.

"ಎಲ್ಲಾ ನೀ ಒಬ್ಳೇ ಮಾಡಿದ್ದು ಅಂತ ಬರ್ದಿದ್ದೆ. ಹದಿನೈದು ದಿನಕ್ಕೆ ಡಾಕ್ಟ್ರ ಹತ್ರ ಹೋಗ್ಬೇಕು ಅಂತ ನಂಗೂ ಗೊತ್ತಿತ್ತು. ಉಪ್ಪಿಲ್ಲ ಅಂತ ನಾಲಗೆಗೆ ಗೊತ್ತಾಗೂದಿಲ್ವಾ? ಕೇಳ್ಬೋದಿತ್ತು. ನೀ ಶಾಲೆಗೆ ಹೋದಾಗ ಒಂದ್ ಚಿಟಿಕೆ ಹಾಕ್ಕಣ್ಬೋದಿತ್ತು. ನಾ ಯಂತದೂ ಮಾಡ್ಲಿಲ್ಲ."

"ಮತ್ತೆ ಯಂತಕೆ ಸುಮ್ನಿದ್ರಿ?"

ಇವರು ಮಾತು ಹುಡುಕಿದರು. ನಾನು ಕಾದೆ. ಕಾಯುವುದನ್ನು ಆಸ್ಪತ್ರೆಯಲ್ಲಿ ಕಲಿತಿದ್ದೆ.

"ನೀ ಎದ್ರು ಕೂತು ಉಣ್ತಿದ್ದೆ."

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಇವರು ರಜೆಗೆ ಬಂದಾಗ ಬಡಿಸುವುದು, ಇವರ ಊಟ ಮುಗಿದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಉಣ್ಣುವುದು, ಇದೇ ನಮ್ಮಲ್ಲಿ ನಡೆದುಬಂದದ್ದು. ರಿಟೈರ್ ಆದ ಮೇಲೂ ಅದೇ. ಪಥ್ಯ ಶುರುವಾದಾಗ, ಉಪ್ಪಿಲ್ಲದ್ದು ಇವರಿಗೊಬ್ಬರಿಗೇ ಆಗಬಾರದು, ನಾನೂ ಅದನ್ನೇ ಉಣ್ಣುವುದು ಇವರಿಗೆ ಕಾಣಲಿ ಎಂದು ತಟ್ಟೆ ಹಿಡಿದು ಎದುರು ಕೂತಿದ್ದೆ. ಐದು ವಾರ, ದಿನವೂ. ನನಗೆ ಅದು ಪಥ್ಯದ ಒಂದು ಭಾಗವಾಗಿತ್ತು, ಅಷ್ಟೇ. ಬೇರೆ ಏನೂ ಎಂದು ಹೊಳೆದಿರಲಿಲ್ಲ.

"ಇಪ್ಪತ್ತಾರು ವರ್ಷ ಕ್ಯಾಂಟೀನಿನಲ್ಲಿ ಒಬ್ನೇ ಉಂಡೆ," ಎಂದರು. "ಪಥ್ಯ ಸಾಕು ಅಂದ್ರೆ ನೀ ಮತ್ತೆ ಒಳಗೆ ಹೋಗ್ತೆ ಅಂತ ಹೆದ್ರಿಕೆ."

ನಾನು ಇವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಇವರು ನಡುಗುವ ಕೈಯಿಂದ ಕಾಗದದ ಕಟ್ಟನ್ನು ನನ್ನ ತೊಡೆಯ ಮೇಲಿಟ್ಟರು. ಅದರ ಮೇಲೆ ಪೆನ್ನಿಟ್ಟರು.

"ನಂದೂ ಬರೆ ಇದ್ರಲ್ಲಿ. ಆಮೇಲೆ ಸಹಿ ಹಾಕ್ತೆ."

ಬರೆದಿದ್ದೇನೆ.